ಎರಡನೇ ಮಳೆಗಾಲಕ್ಕೂ ಉಳಿಯುವ ಒಡಂಬಡಿಕೆ: ವಸತಿರಹಿತರ ಆಶ್ರಯ ಕೇಂದ್ರಕ್ಕೆ ತಂತ್ರಜ್ಞಾನ ತರುವ ಕ್ರಮ

ಮಳೆ ಹಿಡಿದ ವರ್ಷ, ಕೋರ್ಪಲಯ್ಯನ ಛತ್ರದ ಬಳಿಯ ತುಂಗೆಯ ಮಂಟಪ ಮುಳುಗಿತೆಂಬ ಸುದ್ದಿ ಹಬ್ಬಿದ ಕೂಡಲೇ ಶಿವಮೊಗ್ಗದವರು ಕೊಡೆ ಹಿಡಿದು ಹೊಳೆ ನೋಡಲು ಹೊರಡುತ್ತಾರೆ. ಅದೇ ರಾತ್ರಿ ಬಸ್ ನಿಲ್ದಾಣದ ಕಟ್ಟೆಯ ಮೇಲೆ, ರೈಲು ನಿಲ್ದಾಣದ ಆವರಣದಲ್ಲಿ, ಗಾಂಧಿ ಬಜಾರಿನ ಮುಚ್ಚಿದ ಅಂಗಡಿಗಳ ಜಗಲಿಯಲ್ಲಿ ಮಲಗುವವರು ಎರಚಲು ಬೀಳದ ಮೂಲೆಯನ್ನು ಹುಡುಕಿಕೊಂಡು ಜಾಗ ಬದಲಿಸುತ್ತಿರುತ್ತಾರೆ. ಅವರಲ್ಲಿ ಹೋಟೆಲಿನ ಸಪ್ಲೈಯರ್ ಇರಬಹುದು, ಕೊಯ್ಲು ಮುಗಿದರೂ ಊರಿಗೆ ಮರಳದ ಅಡಿಕೆ ಕೂಲಿಯಾಳು ಇರಬಹುದು, ಮೆಗ್ಗಾನ್ ಆಸ್ಪತ್ರೆಗೆ ದಾಖಲಾದ ರೋಗಿಯ ಜೊತೆಗೆ ಬಂದು ಲಾಡ್ಜಿಗೆ ಹಣವಿಲ್ಲದವರು ಇರಬಹುದು, ಮನೆಯವರು ಕೈಬಿಟ್ಟ ಮುದುಕಿ ಇರಬಹುದು. ಇಂಥವರಿಗಾಗಿ ನಡೆಯುವ ಆಶ್ರಯ ಕೇಂದ್ರಕ್ಕೆ ತಂತ್ರಜ್ಞಾನದ ನೆರವು ಕೊಡಿಸಬೇಕೆಂದು ಹೊರಟಿರುವ ಪಾಲಿಕೆಯ ಅಧಿಕಾರಿ, ಕೇಂದ್ರವನ್ನು ನಡೆಸುವ ಸಂಸ್ಥೆಯ ಕಾರ್ಯದರ್ಶಿ, ಕಂಪನಿಯ ಸಿಎಸ್‌ಆರ್ (ಸಾಮಾಜಿಕ ಹೊಣೆಗಾರಿಕೆ) ನಿಧಿಯನ್ನು ನೋಡಿಕೊಳ್ಳುವವರು ಮತ್ತು ಎಂಜಿನಿಯರಿಂಗ್ ಕಾಲೇಜಿನ ಅಧ್ಯಾಪಕರು, ಈ ನಾಲ್ವರನ್ನು ಮನಸ್ಸಿನಲ್ಲಿಟ್ಟುಕೊಂಡು ಈ ಬರಹವನ್ನು ಬರೆಯುತ್ತಿದ್ದೇನೆ.

ಉಪಕರಣ ಕೊಡುವವರು ಸಿಗುವುದು ಕಷ್ಟವಲ್ಲ. ಟೇಪು ಕತ್ತರಿಸಿ, ಫಲಕ ಹಾಕಿ, ಫೋಟೊ ತೆಗೆಸಿಕೊಂಡು ಹೋಗುವ ತನಕ ಎಲ್ಲರೂ ಇರುತ್ತಾರೆ. ನಾನು ಕೆಲಕಾಲ ಸ್ವಯಂಸೇವಕನಾಗಿ ಹೋಗುತ್ತಿದ್ದ ಒಂದು ಕೇಂದ್ರಕ್ಕೆ ಬೇಸಿಗೆಯಲ್ಲಿ ಬಂದ, ಬೆರಳಿನ ಗುರುತು ನೋಡಿ ಹಾಜರಿ ಹಾಕುವ ಯಂತ್ರವು ಮೊದಲ ಮಳೆಗಾಲವನ್ನು ಹೇಗೋ ದಾಟಿತು. ಎರಡನೆಯದರಲ್ಲಿ ಅದು ಕೆಟ್ಟಾಗ ದುರಸ್ತಿ ಯಾರ ಹೊಣೆ ಎಂಬುದಕ್ಕೆ ಕಡತದಲ್ಲಿ ಒಂದು ಸಾಲೂ ಇರಲಿಲ್ಲ. ಕೊಟ್ಟವರ ಕಡೆಯ ಅಧಿಕಾರಿ ವರ್ಗವಾಗಿದ್ದರು, ಪಡೆದವರ ಕಡೆಯಲ್ಲಿ ಅದಕ್ಕೆ ಲೆಕ್ಕಶೀರ್ಷಿಕೆಯೇ ಇರಲಿಲ್ಲ. ಮೇಲ್ವಿಚಾರಕರು ಯಂತ್ರದ ಮೇಲೊಂದು ಟವೆಲು ಹೊದಿಸಿ ಹಳೆಯ ಹಾಜರಿ ಪುಸ್ತಕವನ್ನೇ ತೆರೆದರು. ಹಾಗಾಗಿ ಇಲ್ಲಿ ಹೇಳುವ ಪ್ರತಿಯೊಂದು ಹಂತವನ್ನೂ ಎರಡನೇ ವರ್ಷದ ಜುಲೈ ತಿಂಗಳಲ್ಲಿ ನಿಂತು ನೋಡುವವರಂತೆ ಯೋಜಿಸಬೇಕೆಂಬುದು ನನ್ನ ಸಲಹೆ.

ಮೊದಲು ಲೆಕ್ಕ

ಯಾವ ಕಂಪನಿಯ ಬಾಗಿಲನ್ನು ತಟ್ಟುವುದಕ್ಕೂ ಮೊದಲು ಸರ್ಕಾರದ ಮಾರ್ಗಸೂಚಿಯನ್ನು ಓದಿಕೊಳ್ಳಬೇಕು. 2013ರಲ್ಲಿ ಆರಂಭವಾದ ರಾಷ್ಟ್ರೀಯ ನಗರ ಜೀವನೋಪಾಯ ಅಭಿಯಾನದ ಅಡಿಯಲ್ಲಿ, ಅಂದರೆ ಮುಂದೆ ದೀನದಯಾಳ್ ಅಂತ್ಯೋದಯ ಯೋಜನೆಯ ಹೆಸರು ಸೇರಿಕೊಂಡ ಕಾರ್ಯಕ್ರಮದಲ್ಲಿ, ನಗರ ವಸತಿರಹಿತರ ಆಶ್ರಯಕ್ಕೆಂದೇ ಪ್ರತ್ಯೇಕ ಘಟಕವಿತ್ತು. ಒಂದು ಲಕ್ಷ ಜನಸಂಖ್ಯೆಗೆ ಕನಿಷ್ಠ 100 ಜನರಿಗೆ ಸಾಲುವಷ್ಟು, ವರ್ಷವಿಡೀ ದಿನದ 24 ಗಂಟೆಯೂ ತೆರೆದಿರುವ ಶಾಶ್ವತ ಆಶ್ರಯವಿರಬೇಕು, ತಲಾ 50 ಚದರ ಅಡಿ ಜಾಗವಿರಬೇಕು ಎಂಬುದು ಅದರ ಅಳತೆ. 2011ರ ಜನಗಣತಿಯಂತೆ ಶಿವಮೊಗ್ಗ ನಗರದ ಜನಸಂಖ್ಯೆ 3,22,650. ಈ ಅಳತೆಯಲ್ಲಿ ಹಳೆಯ ಗಣತಿಯ ಲೆಕ್ಕಕ್ಕೇ 300ಕ್ಕೂ ಹೆಚ್ಚು ಜನರಿಗೆ ಸ್ಥಳ ಬೇಕು. ನಿಮ್ಮ ಊರಿನಲ್ಲಿ ಎಷ್ಟಿದೆ ಎಂಬುದನ್ನು ಪಾಲಿಕೆಯ ಕಚೇರಿಯಲ್ಲಿ ಕೇಳಿ ಬರೆದುಕೊಳ್ಳಿ. ಹಾಸಿಗೆಗಳೇ ಕಡಿಮೆಯಿರುವ ಕಡೆ ಹಾಸಿಗೆ ಹಂಚುವ ತಂತ್ರಾಂಶಕ್ಕೆ ಹಣ ಹಾಕುವುದು ಸರಿಯಲ್ಲ.

ಅದೇ ಮಾರ್ಗಸೂಚಿಯಲ್ಲಿ 50 ಜನರ ಕೇಂದ್ರವೊಂದರ ನಿರ್ವಹಣೆಗೆ ವರ್ಷಕ್ಕೆ 6 ಲಕ್ಷ ರೂಪಾಯಿಯಂತೆ ಐದು ವರ್ಷಗಳ ನೆರವನ್ನು ನಿಗದಿ ಮಾಡಲಾಗಿತ್ತು. ತಿಂಗಳಿಗೆ 50 ಸಾವಿರ, ತಲೆಗೆ ತಿಂಗಳಿಗೊಂದು ಸಾವಿರ, ದಿನಕ್ಕೆ ಸುಮಾರು 33 ರೂಪಾಯಿ. ಮೇಲ್ವಿಚಾರಕರ ಮತ್ತು ಮೂರು ಪಾಳಿಯ ಕಾವಲುಗಾರರ ಸಂಬಳ, ವಿದ್ಯುತ್ತು, ನೀರು, ಫಿನಾಯಿಲು, ಹೊದಿಕೆಗಳ ಒಗೆತ ಎಲ್ಲವೂ ಇದರಲ್ಲೇ ನಡೆಯಬೇಕು. ಈ 33 ರೂಪಾಯಿಯನ್ನು ಒಂದು ಕಾಗದದ ಮೇಲೆ ದೊಡ್ಡದಾಗಿ ಬರೆದು, ಕಂಪನಿಯವರು ತರುವ ಪ್ರತಿ ಪ್ರಸ್ತಾವದ ಪಕ್ಕದಲ್ಲಿಟ್ಟು ನೋಡಬೇಕು. ಉಚಿತವಾಗಿ ಬರುವ ಯಂತ್ರವೊಂದು ಎರಡನೇ ವರ್ಷದಿಂದ ತಿಂಗಳಿಗೆ ಮೂರು ಸಾವಿರದ ಚಂದಾ ಕೇಳುವುದಾದರೆ, ಅದು ನಿಜಕ್ಕೂ ಕೇಳುತ್ತಿರುವುದು ಮೂರು ಜನರ ತಿಂಗಳ ಆಶ್ರಯವನ್ನು.

ಇನ್ನೊಂದು ಗೊಂದಲವನ್ನು ಆರಂಭದಲ್ಲೇ ಬಿಡಿಸಿಕೊಳ್ಳುವುದು ಒಳ್ಳೆಯದು. 1975ರ ಕರ್ನಾಟಕ ಭಿಕ್ಷಾಟನೆ ನಿಷೇಧ ಕಾಯ್ದೆಯ ಅಡಿಯಲ್ಲಿ ನಡೆಯುವ ನಿರಾಶ್ರಿತರ ಪರಿಹಾರ ಕೇಂದ್ರಗಳು ಬೇರೆ, ನಗರ ವಸತಿರಹಿತರ ಆಶ್ರಯ ಕೇಂದ್ರಗಳು ಬೇರೆ. ಮೊದಲನೆಯದಕ್ಕೆ ಕಾನೂನಿನ ಪ್ರಕಾರ ಹಿಡಿದು ತರಲು ಸಾಧ್ಯ. ಎರಡನೆಯದಕ್ಕೆ ಜನ ತಾವಾಗಿ ಬರುತ್ತಾರೆ, ತಾವಾಗಿ ಹೋಗುತ್ತಾರೆ. ಆಸ್ತಿ ತೆರಿಗೆಯ ಜೊತೆಗೆ ನಾವೆಲ್ಲ ಕಟ್ಟುವ ಭಿಕ್ಷುಕರ ಕರವೂ ಮೊದಲನೆಯದಕ್ಕೇ ಸಲ್ಲುತ್ತದೆ. ಎರಡರ ದಾಖಲೆಗಳನ್ನು ಒಂದೇ ತಂತ್ರಾಂಶದಲ್ಲಿ ಸೇರಿಸೋಣವೆಂದು ಯಾರಾದರೂ ಸೂಚಿಸಿದರೆ ಒಪ್ಪಬಾರದು. ಹೆಸರು ಹೇಳಿದರೆ ಹಿಡಿದೊಯ್ಯುತ್ತಾರೆಂಬ ಅನುಮಾನ ಒಮ್ಮೆ ಹುಟ್ಟಿದರೆ ಜಗಲಿಯಲ್ಲಿ ಮಲಗಿದವರು ಜಗಲಿಯಲ್ಲೇ ಉಳಿಯುತ್ತಾರೆ.

ಏಳು ರಾತ್ರಿ ಕೂತು ನೋಡಿ

ಅಗತ್ಯವೇನೆಂದು ತಿಳಿಯಲು ಪ್ರಶ್ನಾವಳಿಗಿಂತ ಹಾಜರಿ ಪುಸ್ತಕ ಉತ್ತಮ ಗುರು. ಜೊತೆಗಾರ ಕಂಪನಿಯಿಂದ ಒಬ್ಬರು, ಪಾಲಿಕೆಯಿಂದ ಒಬ್ಬರು, ಕಾಲೇಜಿನಿಂದ ಒಬ್ಬರು ಕೇಂದ್ರದಲ್ಲಿ ಸಂಜೆ ಆರರಿಂದ ಹನ್ನೊಂದರವರೆಗೆ ಏಳು ರಾತ್ರಿ ಕೂತು, ಮೇಲ್ವಿಚಾರಕರು ಏನನ್ನು ಬರೆಯುತ್ತಾರೆ, ಏನನ್ನು ಬರೆಯದೆ ನೆನಪಿನಲ್ಲಿಟ್ಟುಕೊಳ್ಳುತ್ತಾರೆ, ಯಾರನ್ನು ಏಕೆ ಬಾಗಿಲಿನಿಂದಲೇ ಹಿಂದೆ ಕಳುಹಿಸುತ್ತಾರೆ ಎಂಬುದನ್ನು ಸುಮ್ಮನೆ ಗಮನಿಸಬೇಕು. ಕುಡಿದು ಬಂದವರು, ನಾಯಿಯನ್ನು ಬಿಟ್ಟು ಬರಲೊಪ್ಪದವರು, ಗಂಡ ಹೆಂಡತಿ ಬೇರೆ ಬೇರೆ ಕೋಣೆಯಲ್ಲಿ ಮಲಗಲು ಒಪ್ಪದವರು, ಗಂಟುಮೂಟೆ ಇಡಲು ಜಾಗವಿಲ್ಲವೆಂದು ಹಿಂದಿರುಗಿದವರು, ಇವರೆಲ್ಲರ ಪಟ್ಟಿಯೇ ಮುಂದೆ ನಿಮ್ಮ ಯೋಜನೆಯ ಪೀಠಿಕೆಯಾಗುತ್ತದೆ.

ಹೊರಗೆ ಮಲಗುವವರ ಎಣಿಕೆಯನ್ನೂ ಮಾಡಬೇಕು. ಅಮೆರಿಕದಲ್ಲಿ ಜನವರಿಯ ಕೊನೆಯ ಹತ್ತು ದಿನಗಳಲ್ಲಿ ಒಂದು ರಾತ್ರಿಯನ್ನು ಆರಿಸಿ ವಸತಿರಹಿತರನ್ನು ಎಣಿಸುವ ಪದ್ಧತಿಯಿದೆ. ಚಳಿಗೆ ಹೆಚ್ಚು ಜನ ಆಶ್ರಯದೊಳಗೆ ಬಂದಿರುವಾಗ ಎಣಿಸುವುದು ಸುಲಭವೆಂಬ ಲೆಕ್ಕಾಚಾರ ಅದರ ಹಿಂದಿದೆ. ಮಲೆನಾಡಿಗೆ ಆ ಒಂದು ರಾತ್ರಿ ಸಾಲದು. ಡಿಸೆಂಬರ್, ಜನವರಿಯಲ್ಲಿ ಅಡಿಕೆ ಕೊಯ್ಲು ಮತ್ತು ಸುಲಿತದ ಕೆಲಸಕ್ಕೆಂದು ಬಂದವರು ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆಯ ತೋಟಗಳಿಗೆ ಹಂಚಿಹೋಗಿರುತ್ತಾರೆ. ಮಳೆಗಾಲದಲ್ಲಿ ಕೆಲಸ ನಿಂತಾಗ ಪೇಟೆಯ ಚಿತ್ರವೇ ಬೇರೆ. ಆದ್ದರಿಂದ ಜುಲೈ ಅಥವಾ ಆಗಸ್ಟಿನಲ್ಲಿ ಒಮ್ಮೆ, ಜನವರಿಯಲ್ಲಿ ಇನ್ನೊಮ್ಮೆ ಎಣಿಸಿ. ಯಾರನ್ನು ಎಣಿಸಬೇಕೆಂಬ ಬಗ್ಗೆ ವಾದ ಎದ್ದರೆ ಜನಗಣತಿಯ ವ್ಯಾಖ್ಯೆಯನ್ನೇ ಹಿಡಿಯಿರಿ: ರಸ್ತೆಬದಿ, ಕಾಲುದಾರಿ, ಹ್ಯೂಮ್ ಪೈಪು, ಮೇಲ್ಸೇತುವೆ ಮತ್ತು ಮೆಟ್ಟಿಲುಗಳ ಅಡಿ, ದೇವಸ್ಥಾನದಂಥ ಪೂಜಾಸ್ಥಳಗಳ ಬಯಲು, ಮಂಟಪ, ರೈಲ್ವೆ ಪ್ಲಾಟ್‌ಫಾರ್ಮ್‌ಗಳಲ್ಲಿ ವಾಸಿಸುವವರು ಅದರಲ್ಲಿ ಬರುತ್ತಾರೆ. 2011ರಲ್ಲಿ ಈ ವ್ಯಾಖ್ಯೆಯಂತೆ ದೇಶದಲ್ಲಿ 17.7 ಲಕ್ಷ ಜನರಿದ್ದರು.

ಯಾವ ತಂತ್ರಜ್ಞಾನ, ಯಾವುದು ಬೇಡ

ತಂತ್ರಜ್ಞಾನವೆಂದ ಕೂಡಲೇ ಆ್ಯಪ್ ನೆನಪಾಗುವುದು ಈ ಕಾಲದ ರೂಢಿ. ಮಲೆನಾಡಿನ ಆಶ್ರಯ ಕೇಂದ್ರದಲ್ಲಿ ಏಳು ರಾತ್ರಿ ಕಳೆದವರಿಗೆ ಮೊದಲು ನೆನಪಾಗುವುದು ಒದ್ದೆ ಬಟ್ಟೆ. ಕೂಲಿಗೆ ಹೋಗಿ ನೆನೆದು ಬಂದವನ ಬಟ್ಟೆ ಬೆಳಗಿನೊಳಗೆ ಒಣಗದಿದ್ದರೆ ಮರುದಿನ ಅವನು ಒದ್ದೆಯಲ್ಲೇ ಹೊರಡುತ್ತಾನೆ, ನಾಲ್ಕನೆಯ ದಿನ ಜ್ವರದಲ್ಲಿ ಮಲಗುತ್ತಾನೆ. ನಮ್ಮ ಹಳೆಯ ಮನೆಗಳಲ್ಲಿ ಬಚ್ಚಲ ಒಲೆಯ ಬಿಸಿಗೆ ಬಟ್ಟೆ ಒಣಗಿಸುತ್ತಿದ್ದರು; ಆ ವಿದ್ಯೆಯನ್ನೇ ಸುರಕ್ಷಿತವಾಗಿ, ಹೊಗೆಯಿಲ್ಲದಂತೆ, 50 ಜನರ ಅಳತೆಗೆ ಹಿಗ್ಗಿಸುವುದು ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ನಿಜವಾದ ಸವಾಲು. ಛಾವಣಿಯ ಮೇಲಿನ ಸೌರ ನೀರುಕಾಯಿಸುವ ಉಪಕರಣ ದಾನಿಗಳಿಗೆ ಬಹಳ ಪ್ರಿಯ, ಫೋಟೊದಲ್ಲಿಯೂ ಚೆನ್ನಾಗಿ ಕಾಣುತ್ತದೆ. ಆದರೆ ಬಿಸಿನೀರು ಅತ್ಯಗತ್ಯವಾಗುವ ಜುಲೈ ತಿಂಗಳಲ್ಲೇ ಅದಕ್ಕೆ ಬಿಸಿಲು ಸಿಗುವುದಿಲ್ಲ. ಅದರ ಜೊತೆಗೆ ಅಡಿಕೆ ಸಿಪ್ಪೆಯನ್ನೋ ಸೌದೆಯನ್ನೋ ಉರಿಸಬಲ್ಲ, ಹೊಗೆಕೊಳವೆಯಿರುವ ಸುಧಾರಿತ ಬಾಯ್ಲರ್ ಇದ್ದರೆ ಮಾತ್ರ ವರ್ಷವಿಡೀ ಸ್ನಾನ ಸಾಧ್ಯ. ಒಣಗಿಸುವ ಕೋಣೆ, ಬಿಸಿನೀರು, ಬೀಗವಿರುವ ಕಪಾಟು, ಕಪಾಟಿನೊಳಗೇ ಮೊಬೈಲ್ ಚಾರ್ಜ್ ಮಾಡುವ ಪ್ಲಗ್, ಈ ನಾಲ್ಕಕ್ಕೆ ಮೊದಲ ಹಣ ಹೋಗಬೇಕು. ಚಾರ್ಜ್ ಇರುವ ಮೊಬೈಲ್ ಎಂದರೆ ಮೇಸ್ತ್ರಿಯ ಕರೆ, ಮರುದಿನದ ಕೂಲಿ.

ಎರಡನೆಯದು ಖಾಲಿ ಹಾಸಿಗೆಯ ಸುದ್ದಿ. ರಾತ್ರಿ ಹತ್ತಕ್ಕೆ ಬಸ್ಸಿಳಿದವನಿಗೆ, ಆಸ್ಪತ್ರೆಯ ಸಮಾಜ ಕಾರ್ಯಕರ್ತರಿಗೆ, ಗಸ್ತಿನ ಪೊಲೀಸರಿಗೆ, ಆಟೊ ಚಾಲಕರಿಗೆ ಕೇಂದ್ರದಲ್ಲಿ ಜಾಗವಿದೆಯೇ ಎಂದು ತಿಳಿಯುವ ಸುಲಭ ದಾರಿ ಇರಬೇಕು. ಇದಕ್ಕೆ ಸ್ಮಾರ್ಟ್‌ಫೋನ್ ಬೇಕಿಲ್ಲ. ಮಿಸ್ಡ್ ಕಾಲ್ ಕೊಟ್ಟರೆ ಕನ್ನಡದಲ್ಲಿ ಉತ್ತರಿಸುವ ಧ್ವನಿ ಸಂದೇಶ ವ್ಯವಸ್ಥೆಯೊಂದು ಸಾಕು. ಮೇಲ್ವಿಚಾರಕರು ಸಂಜೆ ಎಂಟಕ್ಕೊಮ್ಮೆ, ಹತ್ತಕ್ಕೊಮ್ಮೆ ಪುರುಷರಿಗೆಷ್ಟು, ಮಹಿಳೆಯರಿಗೆಷ್ಟು ಎಂದು ಎರಡು ಅಂಕಿಗಳನ್ನು ಎಸ್‌ಎಂಎಸ್ ಮಾಡಿದರೆ ಅದು ತಾನಾಗಿ ಬದಲಾಗಬೇಕು. ದೆಹಲಿಯಲ್ಲಿ ನಗರ ಆಶ್ರಯ ಸುಧಾರಣಾ ಮಂಡಳಿಯು ಪ್ರತಿ ರಾತ್ರಿಯ ತಂಗುವವರ ಸಂಖ್ಯೆಯನ್ನು ತನ್ನ ಜಾಲತಾಣದಲ್ಲಿ ಪ್ರಕಟಿಸುತ್ತದೆ, ರೈನ್ ಬಸೇರಾ ಎಂಬ ಆ್ಯಪ್ ಮೂಲಕ ಬೀದಿಯಲ್ಲಿ ಮಲಗಿದವರ ಜಾಗವನ್ನು ನಾಗರಿಕರು ತಿಳಿಸುವ ಏರ್ಪಾಟನ್ನೂ ಮಾಡಿದೆ. ಸಂಖ್ಯೆಯನ್ನು ಬಹಿರಂಗವಾಗಿಡುವ ಶಿಸ್ತನ್ನು ನಾವು ಕಣ್ಣುಮುಚ್ಚಿ ಅನುಸರಿಸಬಹುದು. ಮಲಗಿದವರ ಫೋಟೊ ತೆಗೆದು ಕಳುಹಿಸುವ ಪದ್ಧತಿ ಮಾತ್ರ ನಮ್ಮಂಥ ಸಣ್ಣ ಊರಿಗೆ ಒಗ್ಗದು ಎಂಬುದು ನನ್ನ ಅಭಿಪ್ರಾಯ. ಇಲ್ಲಿ ಒಂದು ಫೋಟೊ ಮೂರು ವಾಟ್ಸ್‌ಆ್ಯಪ್ ಗುಂಪು ದಾಟುವುದರೊಳಗೆ ಆ ವ್ಯಕ್ತಿಯ ತವರೂರನ್ನು ತಲುಪಿರುತ್ತದೆ.

ಮೂರನೆಯದು ದಾಖಲಾತಿ. ಓಡಿಕೆ (ODK), ಕೋಬೊ ಟೂಲ್‌ಬಾಕ್ಸ್‌ನಂಥ ಮುಕ್ತ ತಂತ್ರಾಂಶಗಳಲ್ಲಿ ಇಂಟರ್‌ನೆಟ್ ಇಲ್ಲದೆಯೂ ತುಂಬಬಹುದಾದ ನಮೂನೆಗಳನ್ನು ಕನ್ನಡದಲ್ಲೇ ರಚಿಸಿಕೊಳ್ಳಬಹುದು. ಸಂಪರ್ಕ ಬಂದಾಗ ಅವು ಮಾಹಿತಿಯನ್ನು ಕಳುಹಿಸುತ್ತವೆ. ಕೇಳುವ ಪ್ರಶ್ನೆಗಳು ಹತ್ತನ್ನು ಮೀರಬಾರದು. ಕರೆಯುವ ಹೆಸರು, ಅಂದಾಜು ವಯಸ್ಸು, ಮಾತಾಡುವ ಭಾಷೆ, ಆರೋಗ್ಯದ ತುರ್ತು, ಬೇಕಾದ ನೆರವು, ತುರ್ತಿನಲ್ಲಿ ತಿಳಿಸಬೇಕಾದವರು ಯಾರಾದರೂ ಇದ್ದರೆ ಅವರ ಸಂಖ್ಯೆ. ಮೊದಲ ರಾತ್ರಿಗೆ ಇಷ್ಟು ಸಾಕು. ಜಾತಿ, ಧರ್ಮ, ಮನೆ ಬಿಟ್ಟ ಕಾರಣ ಇವುಗಳನ್ನು ಬಾಗಿಲಲ್ಲಿ ನಿಲ್ಲಿಸಿ ಕೇಳಬಾರದು. ಶಿವಮೊಗ್ಗದ ಕೇಂದ್ರಕ್ಕೆ ಬರುವವರಲ್ಲಿ ಉರ್ದು, ಲಂಬಾಣಿ, ತಮಿಳು, ತೆಲುಗು, ಹಿಂದಿ ಮಾತಾಡುವವರೂ ಇರುವುದರಿಂದ ಮುಖ್ಯ ಪ್ರಶ್ನೆಗಳ ಧ್ವನಿಮುದ್ರಣ ಇದ್ದರೆ ಅನುಕೂಲ.

ಬೇಡದ ಪಟ್ಟಿಯ ತುದಿಯಲ್ಲಿ ಬೆರಳಿನ ಗುರುತು ಪಡೆಯುವ ಯಂತ್ರ ಇದೆ. ಹಸಿ ಅಡಿಕೆ ಸುಲಿದ ಕೈಗೆ ಚೊಗರು ಹಿಡಿದಿರುತ್ತದೆ, ಗಾರೆ ಕೆಲಸದವರ ಬೆರಳಿನ ಗೆರೆಗಳು ಸವೆದಿರುತ್ತವೆ, ಮಳೆಗಾಲದ ತೇವಕ್ಕೆ ಯಂತ್ರದ ಗಾಜೂ ಮಂಜಾಗುತ್ತದೆ. ಮೂರು ಬಾರಿ ಒತ್ತಿಸಿ ನಾಲ್ಕನೆಯ ಬಾರಿ ಒರೆಸಿ ಮತ್ತೆ ಒತ್ತಿಸುವ ಸಾಲಿನಲ್ಲಿ ನಿಂತವನಿಗೆ ತಾನು ಅಪರಾಧಿಯೆನಿಸುವುದು ಸಹಜ. ಮುಖ ಗುರುತಿಸುವ ಕ್ಯಾಮೆರಾವನ್ನು ನಿರಾಕರಿಸಲು ನನ್ನ ಬಳಿ ತಾಂತ್ರಿಕ ಕಾರಣವಿಲ್ಲ, ಅದು ಅಗತ್ಯವಿಲ್ಲ ಎಂಬುದೇ ಕಾರಣ. ಸಿಸಿಟಿವಿ ಹೊರಬಾಗಿಲಿಗೆ ಮತ್ತು ಅಂಗಳಕ್ಕೆ ಸೀಮಿತವಾಗಿರಲಿ. ಮಲಗುವ ಕೋಣೆಗೆ ಬೇಡ.

ಜೊತೆಗಾರರು

ಕಂಪನಿಗಳ ಹಣದ ಮೂಲ 2013ರ ಕಂಪನಿ ಕಾಯ್ದೆಯ 135ನೇ ಕಲಮು. ಹಿಂದಿನ ಹಣಕಾಸು ವರ್ಷದಲ್ಲಿ 500 ಕೋಟಿ ರೂಪಾಯಿ ನಿವ್ವಳ ಮೌಲ್ಯ, ಅಥವಾ 1,000 ಕೋಟಿ ವಹಿವಾಟು, ಅಥವಾ 5 ಕೋಟಿ ನಿವ್ವಳ ಲಾಭ, ಈ ಮೂರರಲ್ಲಿ ಒಂದನ್ನು ಮುಟ್ಟಿದ ಕಂಪನಿಯು ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದ ಶೇ 2ರಷ್ಟನ್ನು ಸಾಮಾಜಿಕ ಕಾರ್ಯಕ್ಕೆ ವೆಚ್ಚ ಮಾಡಬೇಕು, ತಾನು ಕೆಲಸ ಮಾಡುವ ಪ್ರದೇಶಕ್ಕೆ ಆದ್ಯತೆ ಕೊಡಬೇಕು. ಕಾಯ್ದೆಯ ಏಳನೇ ಅನುಸೂಚಿಯಲ್ಲಿ ಹಸಿವು ಮತ್ತು ಬಡತನದ ನಿವಾರಣೆ, ಮಹಿಳೆಯರ ವಸತಿ, ವೃದ್ಧಾಶ್ರಮ, ಸಾಮಾಜಿಕವಾಗಿ ಮತ್ತು ಆರ್ಥಿಕವಾಗಿ ಹಿಂದುಳಿದವರು ಎದುರಿಸುವ ಅಸಮಾನತೆಯನ್ನು ತಗ್ಗಿಸುವ ಕ್ರಮಗಳು ಸೇರಿವೆ. ಪ್ರಸ್ತಾವದಲ್ಲಿ ಡಿಜಿಟಲ್ ನಾವೀನ್ಯ ಎಂದು ಬರೆಯುವ ಬದಲು ಈ ಅನುಸೂಚಿಯ ಯಾವ ಬಾಬಿಗೆ ನಿಮ್ಮ ಕೆಲಸ ಸೇರುತ್ತದೆಂದು ನೇರವಾಗಿ ಬರೆದರೆ ಕಂಪನಿಯ ಲೆಕ್ಕಪರಿಶೋಧಕರು ಬೇಗ ಒಪ್ಪುತ್ತಾರೆ. ಅನುಷ್ಠಾನ ಮಾಡುವ ಸಂಸ್ಥೆಯು 2021ರ ಏಪ್ರಿಲ್ 1ರಿಂದ ಸಿಎಸ್‌ಆರ್-1 ನಮೂನೆಯಲ್ಲಿ ನೋಂದಣಿ ಮಾಡಿಸಿರಲೇಬೇಕು. ಸಂಸ್ಥೆಗೆ ಆ ನೋಂದಣಿಯ ಸಂಖ್ಯೆ ಇಲ್ಲದಿದ್ದರೆ ಮೊದಲು ಅದನ್ನು ಪಡೆಯಿರಿ.

ಶಿವಮೊಗ್ಗದಲ್ಲಿ ಅಷ್ಟು ದೊಡ್ಡ ಕಂಪನಿಗಳ ಕೇಂದ್ರ ಕಚೇರಿಗಳು ಬೆರಳೆಣಿಕೆಗೆ ಸಿಗಬಹುದು. ಮಾಚೇನಹಳ್ಳಿಯ ಕಡೆಯ ಎರಕದ ಕಾರ್ಖಾನೆಗಳು, ಊರಿನಲ್ಲಿ ಶಾಖೆಯಿರುವ ಬ್ಯಾಂಕುಗಳು, ದೂರಸಂಪರ್ಕ ಕಂಪನಿಗಳು, ಬೆಂಗಳೂರಿನ ಸಾಫ್ಟ್‌ವೇರ್ ಸಂಸ್ಥೆಗಳಲ್ಲಿ ದೊಡ್ಡ ಹುದ್ದೆಯಲ್ಲಿರುವ ಮಲೆನಾಡಿನವರು, ಹೀಗೆ ಬಲೆಯನ್ನು ಅಗಲವಾಗಿ ಬೀಸಬೇಕು. ಅಡಿಕೆ ಮಾರಾಟದ ಸಹಕಾರ ಸಂಘಗಳು ಕಂಪನಿಗಳಲ್ಲವಾದ್ದರಿಂದ 135ನೇ ಕಲಮು ಅವುಗಳಿಗೆ ಅನ್ವಯಿಸುವುದಿಲ್ಲ. ಅವುಗಳ ಬಳಿಗೆ ಹೋಗುವಾಗ ಸಿಎಸ್‌ಆರ್ ಎಂಬ ಪದವನ್ನು ಎತ್ತದೆ, ಅವುಗಳ ಬೈಲಾದಲ್ಲಿರುವ ಧರ್ಮಕಾರ್ಯದ ನಿಧಿಯ ಬಗ್ಗೆ ಕೇಳುವುದು ಲೇಸು. ಕೊಯ್ಲಿನ ಕೂಲಿಯಾಳುಗಳ ಜೊತೆ ಅವರಿಗೆ ಇರುವ ಸಂಬಂಧ ಬೇರೆ ಯಾರಿಗೂ ಇಲ್ಲ.

ಊರಿನ ಎಂಜಿನಿಯರಿಂಗ್ ಕಾಲೇಜುಗಳು ಮತ್ತು ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯದ ಸಮಾಜಕಾರ್ಯ ವಿಭಾಗದಂಥವು ಸಹಜ ಜೊತೆಗಾರರು. ಆದರೆ ಒಂದು ಎಚ್ಚರಿಕೆ: ಅಂತಿಮ ವರ್ಷದ ವಿದ್ಯಾರ್ಥಿಗಳ ಪ್ರಾಜೆಕ್ಟು ಮುಗಿಯುವುದು ಮುಂಗಾರು ಬರುವ ಹೊತ್ತಿಗೇ. ಯಂತ್ರಕ್ಕೆ ಪರೀಕ್ಷೆ ಶುರುವಾಗುವಾಗ ಅದನ್ನು ಕಟ್ಟಿದವರು ಪರೀಕ್ಷೆ ಮುಗಿಸಿ ಬೆಂಗಳೂರಿಗೆ ಹೊರಟಿರುತ್ತಾರೆ. ಅದಕ್ಕಾಗಿ ಒಪ್ಪಂದವನ್ನು ವಿದ್ಯಾರ್ಥಿಗಳ ಜೊತೆಗಲ್ಲದೆ ವಿಭಾಗದ ಜೊತೆಗೆ ಮಾಡಿಕೊಂಡು, ಪ್ರತಿ ವರ್ಷ ಮೂರನೇ ವರ್ಷದ ತಂಡವೊಂದು ಹಿರಿಯರಿಂದ ಕೆಲಸವನ್ನು ವಹಿಸಿಕೊಳ್ಳುವಂತೆ ಬರೆಸಿಕೊಳ್ಳಬೇಕು.

ಒಡಂಬಡಿಕೆಯಲ್ಲಿ ಬರೆಯಬೇಕಾದದ್ದು

ಪಾಲಿಕೆ, ಕೇಂದ್ರ ನಡೆಸುವ ಸಂಸ್ಥೆ, ಕಂಪನಿ ಈ ಮೂವರೂ ಸಹಿ ಹಾಕುವ ಒಂದೇ ಒಡಂಬಡಿಕೆ ಇರಲಿ. ಇಬ್ಬಿಬ್ಬರ ನಡುವೆ ಎರಡು ಒಡಂಬಡಿಕೆಗಳಾದರೆ ಬಿರುಕು ಬೀಳುವುದು ಅವೆರಡರ ನಡುವೆ. ಪಾಲಿಕೆಯ ಪರವಾಗಿ 1976ರ ಕರ್ನಾಟಕ ಪೌರನಿಗಮಗಳ ಕಾಯ್ದೆಯಂತೆ ಆಯುಕ್ತರು ಸಹಿ ಮಾಡುತ್ತಾರೆ. ಸಾಗರ, ತೀರ್ಥಹಳ್ಳಿಯಂಥ ಊರುಗಳಿಗೆ 1964ರ ಪೌರಸಭೆಗಳ ಕಾಯ್ದೆ ಅನ್ವಯ. ಕಂಪನಿಯು ಹಣ ಪಡೆಯದೆ ದಾನವಾಗಿ ಕೊಡುವುದನ್ನು ಸಭೆಯ ನಡಾವಳಿಯ ಮೂಲಕ ಸ್ವೀಕರಿಸಬಹುದು. ಪಾಲಿಕೆ ಅದಕ್ಕಾಗಿ ಒಂದು ರೂಪಾಯಿ ಪಾವತಿಸುವುದಾದರೂ 1999ರ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಕಾಯ್ದೆಯ ಪ್ರಶ್ನೆ ಏಳುತ್ತದೆ. ಮೊದಲ ವರ್ಷ ಉಚಿತವೆಂದು ಒಳಬಂದು ಎರಡನೇ ವರ್ಷದಿಂದ ಟೆಂಡರಿಲ್ಲದೆ ಬಿಲ್ಲು ಕಳುಹಿಸುವ ದಾರಿಯನ್ನು ಈ ಹಂತದಲ್ಲೇ ಮುಚ್ಚಬೇಕು. ನಿರ್ವಹಣೆಗೆ ಹಣ ಬೇಕಾಗುತ್ತದೆಂದು ಗೊತ್ತಿದ್ದರೆ ಮೂರು ವರ್ಷಗಳ ನಿರ್ವಹಣೆಯನ್ನೂ ದಾನದ ಮೊತ್ತದಲ್ಲೇ ಸೇರಿಸುವಂತೆ ಕಂಪನಿಯನ್ನು ಒಪ್ಪಿಸಿ. ಹತ್ತು ಟ್ಯಾಬ್ಲೆಟ್‌ಗಳ ಬದಲು ನಾಲ್ಕು ಟ್ಯಾಬ್ಲೆಟ್ ಮತ್ತು ಮೂರು ವರ್ಷದ ದುರಸ್ತಿ ಯಾವಾಗಲೂ ಮೇಲು.

ಸ್ವತ್ತು ಯಾರದೆಂದು ಸ್ಪಷ್ಟವಾಗಿ ಬರೆಯಬೇಕು. ಸಿಎಸ್‌ಆರ್ ಹಣದಲ್ಲಿ ಕೊಂಡ ಬಂಡವಾಳ ಸ್ವತ್ತನ್ನು ಕಂಪನಿ ತನ್ನ ಹೆಸರಿನಲ್ಲಿ ಇಟ್ಟುಕೊಳ್ಳುವಂತಿಲ್ಲ. ನೋಂದಾಯಿತ ಧರ್ಮಾರ್ಥ ಸಂಸ್ಥೆ, ಫಲಾನುಭವಿಗಳ ಸಂಘ ಅಥವಾ ಸಾರ್ವಜನಿಕ ಪ್ರಾಧಿಕಾರ, ಇವುಗಳಲ್ಲಿ ಒಂದರ ಹೆಸರಿನಲ್ಲಿ ಅದು ಇರಬೇಕು. ಕೇಂದ್ರ ನಡೆಸುವ ಸಂಸ್ಥೆ ಬದಲಾಗುವ ಸಾಧ್ಯತೆ ಇರುವುದರಿಂದ ಪಾಲಿಕೆಯ ಹೆಸರೇ ಸೂಕ್ತ. ಪಾಲಿಕೆಯ ದಾಸ್ತಾನು ಪುಸ್ತಕದಲ್ಲಿ ನಮೂದಾಗದ ವಸ್ತುವಿಗೆ ಮುಂದೆ ಯಾರೂ ದುರಸ್ತಿಯ ಟಿಪ್ಪಣಿ ಬರೆಯುವುದಿಲ್ಲ ಎಂಬ ಸಣ್ಣ ಸತ್ಯವನ್ನು ಅನುಭವಿಗಳು ಬಲ್ಲರು.

ದುರಸ್ತಿಯ ಕಲಮಿನಲ್ಲಿ ಸಮಯವಿರಬೇಕು, ಹೆಸರಿನ ಬದಲು ಹುದ್ದೆಯಿರಬೇಕು. ದೂರು ಕೊಟ್ಟ 48 ಗಂಟೆಗಳೊಳಗೆ ಸರಿಪಡಿಸುವುದು, ಆಗದಿದ್ದರೆ ಬದಲಿ ಉಪಕರಣ ಕೊಡುವುದು, ಜೂನ್‌ನಿಂದ ಸೆಪ್ಟೆಂಬರ್ ತನಕ ಬದಲಿ ಉಪಕರಣವೊಂದನ್ನು ಶಿವಮೊಗ್ಗದಲ್ಲೇ ಇಟ್ಟಿರುವುದು. ಆಗುಂಬೆಯ ಘಾಟಿಯೋ ಹುಲಿಕಲ್ಲಿನ ಘಾಟಿಯೋ ಮುಚ್ಚಿದ ದಿನ ಮಂಗಳೂರಿನಿಂದ ತಂತ್ರಜ್ಞ ಬರುತ್ತಾನೆಂದು ಕಾಯುವುದು ಮೂರ್ಖತನ. ತಂತ್ರಾಂಶದಲ್ಲಿರುವ ಎಲ್ಲ ಮಾಹಿತಿಯನ್ನು ಸಾಮಾನ್ಯ ಎಕ್ಸೆಲ್ ಕಡತವಾಗಿ ಯಾವಾಗ ಬೇಕಾದರೂ ಹೊರತೆಗೆಯಲು ಸಾಧ್ಯವಾಗಬೇಕು, ಒಡಂಬಡಿಕೆ ಮುಗಿದ 30 ದಿನಗಳೊಳಗೆ ಕಂಪನಿಯ ಸರ್ವರಿನಿಂದ ಅದನ್ನು ಅಳಿಸಿದ್ದಕ್ಕೆ ಲಿಖಿತ ಪ್ರಮಾಣ ಬರಬೇಕು. ಫಲಕದ ಅಳತೆ, ಉದ್ಘಾಟನೆಯ ಫೋಟೊದಲ್ಲಿ ತಂಗಿರುವವರ ಮುಖ ಬರಬಾರದೆಂಬ ಷರತ್ತು, ಇವನ್ನೂ ಸಂಕೋಚವಿಲ್ಲದೆ ಬರೆಯಿರಿ.

ಶಿವಮೊಗ್ಗವು 2016ರ ಸೆಪ್ಟೆಂಬರಿನಲ್ಲಿ ಸ್ಮಾರ್ಟ್ ಸಿಟಿ ಪಟ್ಟಿಗೆ ಸೇರಿ, ನಗರಕ್ಕೊಂದು ಸಮಗ್ರ ನಿಯಂತ್ರಣ ಕೇಂದ್ರ ಬಂದಿದೆ. ಖಾಲಿ ಹಾಸಿಗೆಯ ಎರಡು ಅಂಕಿಗಳನ್ನು ಅಲ್ಲಿನ ಪರದೆಗೂ ಕಳುಹಿಸುವುದು ಸುಲಭ. ಆದರೆ ಸ್ಮಾರ್ಟ್ ಸಿಟಿ ಅಭಿಯಾನವು 2025ರ ಮಾರ್ಚ್ 31ಕ್ಕೆ ಮುಗಿದಿರುವುದರಿಂದ, ಅದರ ಜೊತೆ ಏನನ್ನು ಬೆಸೆದರೂ ಮುಂದಿನ ನಿರ್ವಹಣೆಯ ಹೊಣೆ ಯಾವ ಕಚೇರಿಯದೆಂದು ಕೇಳಿ ಬರೆದುಕೊಳ್ಳಬೇಕು. ಅಲ್ಲಿಗೆ ಹೋಗುವುದು ಅಂಕಿ ಮಾತ್ರ, ಹೆಸರಲ್ಲ.

ಮಾಹಿತಿಯ ಕಾವಲು

2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ನಿಯಮಗಳು 2025ರ ನವೆಂಬರಿನಲ್ಲಿ ಪ್ರಕಟವಾಗಿದ್ದು ಹಂತಹಂತವಾಗಿ ಜಾರಿಗೆ ಬರುತ್ತಿವೆ. ಸುರಕ್ಷತೆಯಲ್ಲಿ ಲೋಪವಾದರೆ ದಂಡ 250 ಕೋಟಿ ರೂಪಾಯಿಯವರೆಗೂ ಹೋಗಬಹುದು. ಯಾವ ಮಾಹಿತಿಯನ್ನು ಯಾವ ಉದ್ದೇಶಕ್ಕೆ ಪಡೆಯುತ್ತಿದ್ದೇವೆಂಬ ಸೂಚನೆಯನ್ನು ಸಂವಿಧಾನದ ಎಂಟನೇ ಅನುಸೂಚಿಯ ಭಾಷೆಗಳಲ್ಲಿಯೂ ಪಡೆಯುವ ಆಯ್ಕೆ ವ್ಯಕ್ತಿಗೆ ಇರಬೇಕೆಂದು ಕಾಯ್ದೆ ಹೇಳುತ್ತದೆ, ಕನ್ನಡ ಅವುಗಳಲ್ಲೊಂದು. ಓದಲು ಬಾರದವರಿಗೆ ಅದನ್ನು ಓದಿ ಹೇಳಬೇಕು, ಹೆಸರು ಕೊಡಲೊಪ್ಪದವರಿಗೂ ಹಾಸಿಗೆ ಸಿಗಬೇಕು. ಒಪ್ಪದಿದ್ದರೆ ಜಾಗವಿಲ್ಲ ಎನ್ನುವ ಕಡೆ ಒಪ್ಪಿಗೆಗೆ ಅರ್ಥವೇನು?

ಗಂಡನ ಹೊಡೆತ ತಾಳಲಾರದೆ ಬಂದ ಹೆಣ್ಣುಮಗಳ ವಿಷಯದಲ್ಲಿ ಇನ್ನೂ ಬಿಗಿಯಾಗಿರಬೇಕು. ಅಮೆರಿಕದಲ್ಲಿ ವಸತಿರಹಿತರ ಸೇವೆಗಳಿಗೆಲ್ಲ ಸಾಮಾನ್ಯ ಮಾಹಿತಿ ವ್ಯವಸ್ಥೆಯೊಂದಿದ್ದರೂ, ಕೌಟುಂಬಿಕ ಹಿಂಸೆಯ ಸಂತ್ರಸ್ತರಿಗೆ ನೆರವಾಗುವ ಸಂಸ್ಥೆಗಳು ಅವರ ಗುರುತನ್ನು ಅದರಲ್ಲಿ ದಾಖಲಿಸುವುದನ್ನು ಅಲ್ಲಿನ ಕಾನೂನೇ ನಿಷೇಧಿಸಿದೆ. ನಾವೂ ಅಂಥವರ ವಿವರವನ್ನು ಕಾಗದದಲ್ಲಿ, ಬೀಗದೊಳಗೆ ಇಡೋಣ. ಮಹಿಳಾ ಸಹಾಯವಾಣಿ 181ಕ್ಕೆ ಕರೆ ಮಾಡಿ ಮುಂದಿನ ದಾರಿ ಹುಡುಕೋಣ. 18 ತುಂಬದವರು ಒಬ್ಬರೇ ಬಂದರೆ ಮಕ್ಕಳ ಸಹಾಯವಾಣಿ 1098. ಮಾನಸಿಕ ಅಸ್ವಸ್ಥರಾಗಿ ಅಲೆಯುತ್ತಿರುವವರನ್ನು ರಕ್ಷಿಸಿ ಸಾರ್ವಜನಿಕ ಆರೋಗ್ಯ ಸಂಸ್ಥೆಗೆ ತಲುಪಿಸುವುದು 2017ರ ಮಾನಸಿಕ ಆರೋಗ್ಯ ಕಾಯ್ದೆಯ 100ನೇ ಕಲಮಿನಂತೆ ಪೊಲೀಸರ ಕರ್ತವ್ಯ. ಸಲಹೆಗೆ ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್‌ನ 14416 ಇದೆ. ಈ ಸಂಖ್ಯೆಗಳನ್ನು ಟ್ಯಾಬ್ಲೆಟ್‌ನ ಮೊದಲ ಪರದೆಯಲ್ಲಿಯೂ, ಗೋಡೆಯ ಮೇಲೂ ಬರೆಸಿ.

ನಡೆಸುವಾಗ

ಮೊದಲ ಮೂರು ತಿಂಗಳು ಪುಸ್ತಕ ಮತ್ತು ಟ್ಯಾಬ್ಲೆಟ್ ಎರಡೂ ನಡೆಯಲಿ. ತರಬೇತಿ ಮೇಲ್ವಿಚಾರಕರಿಗಿಂತ ಮೊದಲು ರಾತ್ರಿ ಪಾಳಿಯ ಕಾವಲುಗಾರರಿಗೆ ಸಿಗಬೇಕು, ಏಕೆಂದರೆ ಜನ ಬರುವುದು ಅವರ ಹೊತ್ತಿನಲ್ಲಿ. ಏಪ್ರಿಲ್, ಮೇ ತಿಂಗಳ ಗುಡುಗು ಸಿಡಿಲಿಗೆ ಮಲೆನಾಡಿನಲ್ಲಿ ಎಷ್ಟು ರೌಟರುಗಳು ಸುಟ್ಟುಹೋಗುತ್ತವೆಂಬುದು ಎಲ್ಲರಿಗೂ ಗೊತ್ತು. ಮಿಂಚು ಕಂಡ ಕೂಡಲೇ ವೈರು ಕೀಳುವ ಅಭ್ಯಾಸವನ್ನು ಕರ್ತವ್ಯಗಳ ಪಟ್ಟಿಯಲ್ಲೇ ಸೇರಿಸಿ, ಭೂಸಂಪರ್ಕವನ್ನು ಮಳೆಗೆ ಮೊದಲು ಪರೀಕ್ಷಿಸಿ. ಬಳಸದಾಗ ಟ್ಯಾಬ್ಲೆಟ್‌ಗಳು ಸಿಲಿಕಾ ಜೆಲ್ ಹಾಕಿದ ಗಾಳಿಯಾಡದ ಡಬ್ಬಿಯಲ್ಲಿರಲಿ. ಅಕ್ಕಿಯ ಡಬ್ಬಿಯಲ್ಲಿ ಹೂತಿಡುವವರನ್ನು ನಾನು ನೋಡಿದ್ದೇನೆ. ಚಾರ್ಜಿಂಗ್ ಕಿಂಡಿಗೆ ನುಚ್ಚು ಹೊಕ್ಕುತ್ತದೆ.

ಫಲವನ್ನು ಅಳೆಯುವಾಗ ಎಷ್ಟು ನಮೂನೆ ತುಂಬಿದರೆಂಬ ಅಂಕಿಗೆ ಬೆಲೆಯಿಲ್ಲ. ಜಾಗವಿಲ್ಲವೆಂದು ಹಿಂದೆ ಕಳುಹಿಸಿದವರ ಸಂಖ್ಯೆ ಇಳಿಯಿತೇ, ಎಷ್ಟು ಜನರ ಕೈಗೆ ಗುರುತಿನ ಕಾಗದ ಬಂತು, ಎಷ್ಟು ವೃದ್ಧರಿಗೆ ಸಂಧ್ಯಾ ಸುರಕ್ಷಾ ಪಿಂಚಣಿ ಮಂಜೂರಾಯಿತು, ಇವು ನೋಡಬೇಕಾದ ಸಂಗತಿಗಳು. ವಿಳಾಸವಿಲ್ಲದವರಿಗೆ ಆಧಾರ್ ಪಡೆಯಲು ಮಾನ್ಯತೆ ಪಡೆದ ಆಶ್ರಯ ಕೇಂದ್ರದ ಮುಖ್ಯಸ್ಥರು ನಿಗದಿತ ನಮೂನೆಯಲ್ಲಿ ಕೊಡುವ ಪ್ರಮಾಣಪತ್ರಕ್ಕೆ ಬೆಲೆಯಿದೆ. ಮನೆಯಿಲ್ಲದವರು ಮತದಾರರಾಗಲು, ಅವರು ಹೇಳಿದ ಜಾಗದಲ್ಲಿ ಮಲಗುತ್ತಾರೆಯೇ ಎಂದು ಮತಗಟ್ಟೆ ಮಟ್ಟದ ಅಧಿಕಾರಿ ರಾತ್ರಿ ಹೋಗಿ ನೋಡಿದರೆ ಸಾಕು, ವಾಸದ ಪುರಾವೆ ಬೇಕಿಲ್ಲ. ತಂತ್ರಾಂಶವು ಈ ಎರಡು ಅರ್ಜಿಗಳನ್ನು ಒಂದು ಒತ್ತಿನಲ್ಲಿ ಮುದ್ರಿಸಿ ಕೊಡುವಂತಾದರೆ ಅದರ ಖರ್ಚು ಸಾರ್ಥಕ. ತಿಂಗಳಿಗೊಮ್ಮೆ ಸೇರುವ ಆಶ್ರಯ ನಿರ್ವಹಣಾ ಸಮಿತಿಯಲ್ಲಿ ತಂಗಿರುವವರ ಪೈಕಿ ಇಬ್ಬರಾದರೂ ಇರಲಿ, ಒಬ್ಬರು ಮಹಿಳೆಯಾಗಿರಲಿ. ಅವರು ಹೇಳಿದ್ದು ನಡಾವಳಿಯಲ್ಲಿ ಅವರ ಮಾತಿನಲ್ಲೇ ದಾಖಲಾಗಲಿ.

ಎರಡನೇ ವರ್ಷದ ಮೇ ತಿಂಗಳ ಕೊನೆಯ ವಾರ ಮೂರೂ ಪಕ್ಷದವರು ಕೇಂದ್ರದಲ್ಲಿ ಸೇರಿ, ಸಂಜೆ ಏಳಕ್ಕೆ ಮೇನ್ ಸ್ವಿಚ್ ಆರಿಸಿ, ರೌಟರಿನ ವೈರು ಕಿತ್ತು, ಹತ್ತು ಗಂಟೆಯವರೆಗೆ ಹಾಗೆಯೇ ಕೂರಬೇಕು. ಬಂದವರ ಹೆಸರು ದಾಖಲಾಯಿತೇ, ಮಿಸ್ಡ್ ಕಾಲ್‌ಗೆ ಉತ್ತರ ಹೋಯಿತೇ, ಒಲೆಯ ಮೇಲೆ ನೀರು ಕಾಯಿತೇ, ದುರಸ್ತಿಯ ಸಂಖ್ಯೆಗೆ ಕರೆ ಮಾಡಿದರೆ ಆ ಕಡೆಯಿಂದ ಯಾರಾದರೂ ಎತ್ತಿದರೇ ಎಂದು ನೋಡಿ ಬರೆದುಕೊಳ್ಳಿ. ನಿಂತದ್ದನ್ನು ಸರಿಪಡಿಸಲು ಮುಂಗಾರಿಗೆ ಮುಂಚೆ ಇನ್ನೂ ಒಂದು ವಾರ ಇರುತ್ತದೆ.